ಬೀಜದ ಸಾಲ, ಮಾತಿನ ಸಾಲ: ಜಹೀರಾಬಾದ್ ಪರಿಸರದ ಮಹಿಳಾ ಸಂಘಗಳನ್ನು ಕುರಿತು

‘ರೈತ’ ಎಂಬ ಪದಕ್ಕೆ ಕನ್ನಡದಲ್ಲಿ ಸಹಜವಾದ ಸ್ತ್ರೀಲಿಂಗ ರೂಪವಿಲ್ಲ. ‘ಗಿತ್ತಿ’ ಪ್ರತ್ಯಯ ಸೇರಿದ ಅಗಸಗಿತ್ತಿ, ಹೂವಾಡಗಿತ್ತಿ, ಸೂಲಗಿತ್ತಿ ಮೊದಲಾದ ರೂಪಗಳು ಬಳಕೆಯಲ್ಲಿವೆ. ‘ಒಕ್ಕಲಗಿತ್ತಿ’ ಎಂಬುದೂ ಉಂಟು. ಆದರೆ ಈ ಕೊನೆಯ ಪದವು ಒಕ್ಕಲುತನ ಮಾಡುವವಳು ಎನ್ನುವುದಕ್ಕಿಂತ ಒಕ್ಕಲಿಗರ ಮನೆಯವಳು ಎಂಬ ಅರ್ಥವನ್ನೇ ಹೆಚ್ಚಾಗಿ ಕೊಡುತ್ತದೆ. ‘ರೈತ ಮಹಿಳೆ’ ಎಂಬುದರಲ್ಲಿ ಸರ್ಕಾರಿ ಕಡತದ ವಾಸನೆಯಿದೆ. ಬಿತ್ತುವಾಗ ಕೂರಿಗೆಯ ಹಿಂದೆ ಉಡಿಯಲ್ಲಿ ಕಾಳು ಕಟ್ಟಿಕೊಂಡು ನಡೆಯುವವಳು, ಕಳೆ ತೆಗೆಯುವವಳು, ಕೊಯ್ಯುವವಳು, ಕೇರುವವಳು, ಮುಂದಿನ ವರ್ಷಕ್ಕೆ ಬೀಜ ಆರಿಸಿಡುವವಳು ಹೆಣ್ಣೇ ಆಗಿದ್ದರೂ ಅವಳ ವೃತ್ತಿಯನ್ನು ಸೂಚಿಸುವ ಒಂದು ಮಾತು ನಮ್ಮಲ್ಲಿ ನೆಲೆಗೊಳ್ಳಲಿಲ್ಲ. ಇದು ಕೇವಲ ಪದಕೋಶದ ಕೊರತೆಯಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಮಹಿಳೆಯರು ಶೇಕಡಾ 14ರಷ್ಟು ಮಾತ್ರ. ಪಹಣಿಯಲ್ಲಿ ಇಲ್ಲದವಳು ಭಾಷೆಯಲ್ಲಿಯೂ ಇಲ್ಲವೆಂಬುದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಹೈದರಾಬಾದಿನಲ್ಲಿ ಕನ್ನಡ ಕಲಿಸುವ ನಮ್ಮಂಥವರಿಗೆ ಈ ಪ್ರಶ್ನೆಯನ್ನು ಎತ್ತಲು ಬಹುದೂರ ಹೋಗಬೇಕಾಗಿಲ್ಲ. ಇಲ್ಲಿಂದ ಮುಂಬಯಿಯ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರು ಸಾಗಿದರೆ ಜಹೀರಾಬಾದ್ ದೊರೆಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಈ ತಾಲ್ಲೂಕು ಬೀದರ ಜಿಲ್ಲೆಗೆ ಸೇರಿತ್ತು. ಅನಂತರ ಆಂಧ್ರಪ್ರದೇಶದ ಮೇದಕ ಜಿಲ್ಲೆಗೆ, 2016ರಿಂದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರಿದೆ. ಗಡಿ ಬದಲಾದರೂ ನೆಲ ಬದಲಾಗಲಿಲ್ಲ. ಝರಾಸಂಗಮದ ಸಂಗಮೇಶ್ವರನ ದರ್ಶನಕ್ಕೆ ಬೀದರದ ಕಡೆಯ ಭಕ್ತರು ಇಂದಿಗೂ ಬರುತ್ತಾರೆ. ಅದೇ ಮುರಕಲ್ಲು ಬೆರೆತ ಕೆಂಪುನೆಲ, ಅದೇ ಮಳೆಯಾಶ್ರಯದ ಬೇಸಾಯ. ಮಾತು ಮಾತ್ರ ತೆಲುಗು, ದಖನಿ, ಕನ್ನಡಗಳ ನಡುವೆ ಹರಿದಾಡುತ್ತದೆ.

ಈ ಪರಿಸರದ ಹಳ್ಳಿಗಳಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಕೆಲಸವನ್ನಾರಂಭಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಸಂಸ್ಥೆಯ ಬೆನ್ನೆಲುಬಾದದ್ದು ‘ಸಂಘಂ’ ಎಂದು ಕರೆಯಲಾಗುವ ಹಳ್ಳಿಯ ಮಹಿಳಾ ಕೂಟಗಳು. ಕ್ರಮೇಣ ಸುಮಾರು 75 ಹಳ್ಳಿಗಳಿಗೆ ಹಬ್ಬಿದ ಈ ಸಂಘಗಳ ಸದಸ್ಯೆಯರಲ್ಲಿ ಬಹುಪಾಲು ದಲಿತ ಸ್ತ್ರೀಯರು. ಕೂಲಿಯಿಂದ ಬದುಕುತ್ತಿದ್ದವರು, ಅಥವಾ ಸರ್ಕಾರ ಹಂಚಿದ ಬಂಜರಿನ ಒಂದೆರಡು ಎಕರೆಗೆ ಹೆಸರಿಗಷ್ಟೇ ಒಡೆಯರಾಗಿದ್ದವರು. ಅದೇ 1983ರಲ್ಲಿ ಆಂಧ್ರಪ್ರದೇಶದಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಯೋಜನೆ ಜಾರಿಗೆ ಬಂದುದನ್ನು ಇಲ್ಲಿ ನೆನೆಯಬೇಕು. ಹಸಿದವರಿಗೆ ಅಕ್ಕಿ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಜೋಳ, ನವಣೆ, ಸಾಮೆ ಬೆಳೆಯುವ ನೆಲದಲ್ಲಿ ಅಗ್ಗದ ಅಕ್ಕಿ ಬಂದಾಗ ಆ ಧಾನ್ಯಗಳನ್ನು ಬೆಳೆಯುವ ಕಾರಣವೇ ಸಡಿಲವಾಯಿತು. ಬೆಳೆಯದ ಧಾನ್ಯದ ಬೀಜ ಎರಡು ಮೂರು ವರ್ಷಗಳಲ್ಲಿ ಮನೆಯಿಂದ ಮರೆಯಾಗುತ್ತದೆ.

ಸಂಘಗಳು ಕಂಡುಕೊಂಡ ಉಪಾಯವು ಹೊಸದೇನೂ ಅಲ್ಲ. ಹಳ್ಳಿಯಲ್ಲಿ ಒಂದು ಬೀಜಭಂಡಾರ. ಅದನ್ನು ನೋಡಿಕೊಳ್ಳಲು ಅನುಭವಿಯಾದ ಒಬ್ಬ ಹೆಂಗಸು. ಸೆಗಣಿ ಸಾರಿಸಿದ ಬುಟ್ಟಿಗಳಲ್ಲಿ, ಗಡಿಗೆಗಳಲ್ಲಿ ಬೂದಿ ಮತ್ತು ಬೇವಿನೆಲೆ ಬೆರೆಸಿಟ್ಟ ಬೀಜ. ಬಿತ್ತನೆಯ ಹೊತ್ತಿಗೆ ಬೇಕಾದವಳು ಒಯ್ಯುತ್ತಾಳೆ, ಸುಗ್ಗಿಯಾದ ಮೇಲೆ ಒಂದಕ್ಕೆ ಎರಡರಂತೆ ಹಿಂದಿರುಗಿಸುತ್ತಾಳೆ. ಹಣದ ಮಾತಿಲ್ಲ.

ಈ ‘ಒಂದಕ್ಕೆ ಎರಡು’ ಎಂಬುದರ ಮೇಲೆ ಸ್ವಲ್ಪ ನಿಲ್ಲಬೇಕು. ಕಾಳಿನ ಸಾಲಕ್ಕೆ ಬಡ್ಡಿ ಹೇಳುವ ಪದಗಳು ನಮ್ಮ ಭಾಗದಲ್ಲಿ ಹಲವು. ಕಾಲು ಭಾಗ ಹೆಚ್ಚಾದರೆ ಸವಾಯಿ, ಅರ್ಧ ಹೆಚ್ಚಾದರೆ ದೀಡಪಟ್ಟು, ಇಮ್ಮಡಿಯಾದರೆ ದುಪ್ಪಟ್ಟು. ಇವೆಲ್ಲವೂ ಜಮೀನುದಾರನ ಕಣದಲ್ಲಿ, ಸಾಹುಕಾರನ ಅಂಗಳದಲ್ಲಿ ಹುಟ್ಟಿ ಬೆಳೆದ ಮಾತುಗಳು. ಇವುಗಳ ಹಿಂದೆ ಬಾಗಿಲಲ್ಲಿ ನಿಂತು ಬೀಜ ಬೇಡಿದವರ ಅವಮಾನವಿದೆ. ಲೆಕ್ಕದ ದೃಷ್ಟಿಯಿಂದ ಸಂಘದ ಬಡ್ಡಿ ಸಾಹುಕಾರನ ಸವಾಯಿಗಿಂತಲೂ ಭಾರವಾದದ್ದೇ. ವ್ಯತ್ಯಾಸವಿರುವುದು ಹೆಚ್ಚಾದ ಪಾಲು ಎಲ್ಲಿಗೆ ಹೋಗುತ್ತದೆಂಬುದರಲ್ಲಿ. ಸಾಹುಕಾರನಿಗೆ ಹೋದದ್ದು ಹಗೇವಿನಲ್ಲಿ ಮುಚ್ಚಿಹೋಗುತ್ತಿತ್ತು. ಸಂಘಕ್ಕೆ ಬಂದದ್ದು ಮುಂದಿನ ವರ್ಷ ಮತ್ತೊಬ್ಬಳ ಉಡಿಗೆ ಬೀಳುತ್ತದೆ. ಶೋಷಣೆಯ ಗಣಿತವನ್ನು ಅಳಿಸದೆ ಅದರ ದಿಕ್ಕನ್ನಷ್ಟೇ ತಿರುಗಿಸಿದ ಈ ಕ್ರಮವನ್ನು ನಾನು ಬಹಳ ದೊಡ್ಡ ಬುದ್ಧಿವಂತಿಕೆಯೆಂದು ಭಾವಿಸುತ್ತೇನೆ.

ಇನ್ನೊಂದು ಸಂಗತಿ: ಬೀಜದ ಸಾಲದ ಜೊತೆಗೆ ತಿಳಿವಳಿಕೆಯೂ ಸಾಲವಾಗಿ ಹೋಗಲೇಬೇಕು. ಹಣ ಕೊಟ್ಟವನಿಗೆ ಹಣ ಮರಳಿದರೆ ಸಾಕು. ಬೀಜ ಕೊಟ್ಟವಳಿಗೆ ಅದೇ ತಳಿ, ಬೆರಕೆಯಿಲ್ಲದೆ, ಹುಳು ಹಿಡಿಯದೆ ಮರಳಬೇಕು. ಆದುದರಿಂದ ಪಡೆದವಳ ಹೊಲದ ಬಗೆಗೆ ಕೊಟ್ಟವಳಿಗೆ ಆಸ್ಥೆಯುಂಟಾಗುತ್ತದೆ. ಯಾವ ಮಳೆಗೆ ಬಿತ್ತಬೇಕು, ಜೋಳದ ನಡುವೆ ತೊಗರಿಯ ಸಾಲು ಎಷ್ಟು ದೂರಕ್ಕಿರಬೇಕು, ಕೊಯ್ಲಿಗೆ ಮೊದಲೇ ಹೊಲದಲ್ಲಿ ನಿಂತು ಯಾವ ತೆನೆಯನ್ನು ಬೀಜಕ್ಕೆಂದು ಗುರುತಿಸಬೇಕು ಎಂಬಿವೆಲ್ಲ ಹೊಲದ ಬದುವಿನ ಮೇಲಿನ ಮಾತಿನಲ್ಲಿ ಸಾಗುತ್ತವೆ. ನವಣೆ, ಸಾಮೆಗಳು ಬೇಗ ಕೈಗೆ ಬರುತ್ತವೆ, ಜೋಳ ಅನಂತರ, ತೊಗರಿ ಎಲ್ಲಕ್ಕೂ ಕೊನೆಗೆ. ಒಂದು ಮಳೆ ತಪ್ಪಿದರೂ ಒಂದಲ್ಲ ಒಂದು ಬೆಳೆ ಉಳಿಯುತ್ತದೆ. ಈ ವಿವೇಕವನ್ನು ಗುರುಶಿಷ್ಯ ಸಂಬಂಧದ ಚೌಕಟ್ಟಿನಲ್ಲಿ ವಿವರಿಸುವುದು ಕಷ್ಟ. ಇಂದು ನವಣೆಯ ಬೀಜ ಕೊಟ್ಟು ಹೇಳಿಕೊಟ್ಟವಳು ನಾಳೆ ಕುಸುಬೆಯ ಬೀಜಕ್ಕಾಗಿ ಅವಳ ಮನೆಗೇ ಹೋಗಬಹುದು. ಕನ್ನಡನಾಡಿನ ‘ಮುಯ್ಯಾಳು’ ಪದ್ಧತಿ, ಎಂದರೆ ಕೂಲಿಯಿಲ್ಲದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಸರದಿಯಂತೆ ದುಡಿಯುವ ಏರ್ಪಾಡು, ಇದಕ್ಕೆ ಹೆಚ್ಚು ಹತ್ತಿರದ ಹೋಲಿಕೆ.

ಭಾಷಾಭ್ಯಾಸಿಗಳು ಇಲ್ಲಿ ಗಮನಿಸಬೇಕಾದ ಒಂದು ತೊಡಕಿದೆ. ತೆಲುಗಿನ ‘ಕೊರ್ರ’ ಎಂಬುದನ್ನು ಕೇಳಿದ ಕನ್ನಡಿಗರು ಅದು ತಮ್ಮ ‘ಕೊರಲೆ’ ಎಂದುಕೊಳ್ಳುವ ಸಂಭವವಿದೆ. ಆದರೆ ‘ಕೊರ್ರ’ ಎಂದರೆ ನಮ್ಮ ನವಣೆ. ನಮ್ಮ ಕೊರಲೆ ತೆಲುಗಿನಲ್ಲಿ ‘ಅಂಡು ಕೊರ್ರ’. ಸಾಮೆಯ ಹೆಸರು ಎರಡೂ ಕಡೆ ಒಂದೇ. ತೊಗರಿಗೆ ಅಲ್ಲಿ ‘ಕಂದಿ’. ಬಿತ್ತು-ವಿತ್ತು ಜೋಡಿಯಲ್ಲಿಯ ಬಕಾರ-ವಕಾರಗಳ ಸಂಬಂಧವನ್ನು ನಾವು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ವಿವರಿಸುತ್ತೇವೆ. ಗಡಿಭಾಗದ ಹೆಂಗಸರು ಅದನ್ನು ಮೊರದ ಮೇಲೆ ಕಾಳಿಟ್ಟು ತೀರ್ಮಾನಿಸುತ್ತಾರೆ. ಹೆಸರು ಯಾವುದಾದರೂ ಇರಲಿ, ಕಾಳು ಕಣ್ಣೆದುರಿಗಿದ್ದರೆ ಜಗಳವಿಲ್ಲ. ಪ್ರತಿವರ್ಷ ಸಂಕ್ರಾಂತಿಯಿಂದ ಮೊದಲ್ಗೊಂಡು ಸುಮಾರು ಒಂದು ತಿಂಗಳ ಕಾಲ ಎತ್ತಿನ ಬಂಡಿಗಳಲ್ಲಿ ಬೀಜದ ಗಡಿಗೆಗಳನ್ನಿರಿಸಿಕೊಂಡು ಹಳ್ಳಿಯಿಂದ ಹಳ್ಳಿಗೆ ಸಾಗುವ ಜಾತ್ರೆಯನ್ನು ಈ ಸಂಘಗಳು ರೂಢಿಸಿಕೊಂಡದ್ದು ಇದೇ ತಿಳಿವಿನಿಂದ. ದೇವರ ಪಲ್ಲಕ್ಕಿ ಬಂದಂತೆ ಬೀಜದ ಬಂಡಿ ಬರುತ್ತದೆ. ನೋಡಿದವರು ಕೇಳುತ್ತಾರೆ, ಕೇಳಿದವರು ಒಯ್ಯುತ್ತಾರೆ.

ಹಳ್ಳಿಯಿಂದ ಹಳ್ಳಿಗೆ ಮಾತು ಸಾಗಿಸಲು ಇದೊಂದೇ ಸಾಲದಾಯಿತು. ಅಕ್ಷರ ಬಾರದ ಸದಸ್ಯೆಯರು ವಿಡಿಯೊ ಕ್ಯಾಮರಾ ಹಿಡಿಯಲು ಕಲಿತು, ತಮ್ಮ ಬೇಸಾಯವನ್ನಷ್ಟೇ ಅಲ್ಲದೆ ವಾರಂಗಲ್ ಸೀಮೆಯ ಬಿಟಿ ಹತ್ತಿಯ ಬೆಳೆಗಾರರ ಅನುಭವವನ್ನೂ ಚಿತ್ರೀಕರಿಸಿದರು. ಬಾನುಲಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಕೇಂದ್ರದ ಭರವಸೆಯಿಲ್ಲದೆಯೇ ಮಾಚ್ನೂರಿನಲ್ಲಿ ನಿಲಯ ಸಿದ್ಧವಾಗಿತ್ತು, ಪರವಾನಗಿ ಮಾತ್ರ ಇರಲಿಲ್ಲ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತರೂ ಸಮುದಾಯ ಬಾನುಲಿಯ ಬಾಗಿಲು ಸ್ವಯಂಸೇವಾ ಸಂಸ್ಥೆಗಳಿಗೆ ತೆರೆದದ್ದು 2006ರಲ್ಲಿ. 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ ಪ್ರಸಾರವನ್ನಾರಂಭಿಸಿತು. ಉದ್ಘಾಟಿಸಿದವರು ಆ ತೀರ್ಪನ್ನು ಬರೆದವರಲ್ಲೊಬ್ಬರಾದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಪರವಾನಗಿಗೆ ಕಾಯಲಾಗದೆ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಹರಿಸಿದ್ದನ್ನೂ ಇದರ ಜೊತೆಗಿಟ್ಟು ನೋಡಬಹುದು. ಬೀದರದಲ್ಲಿಯೂ 1989ರಿಂದ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಸಂಘಗಳನ್ನು ಕಟ್ಟಿತ್ತು. ಅದರ ಒಲವು ಶಿಕ್ಷಣದ ಕಡೆಗೆ ಹೆಚ್ಚು. ಅದರ ಚರ್ಚೆ ಬೇರೆಯೇ ಆಗಬೇಕು.

ಇಷ್ಟನ್ನು ಹೇಳಿದ ಮೇಲೆ ನನ್ನ ಬಗೆಗೂ ಒಂದು ಮಾತು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. 1990ರ ದಶಕದಲ್ಲಿ ಸಂಶೋಧನೆಗಾಗಿ ಬೀದರದ ಗಡಿಹಳ್ಳಿಗಳಲ್ಲಿ ಬೀಸುವ ಪದಗಳನ್ನು ಸಂಗ್ರಹಿಸುತ್ತಿದ್ದೆ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಂದಿನಿಂದ ಹೆಣ್ಣಿನ ಹಾಡು ನಮ್ಮ ಅಧ್ಯಯನಕ್ಕೆ ಯೋಗ್ಯವಾದ ವಸ್ತುವಾಗಿದೆ. ಅವಳ ಬೇಸಾಯದ ಮಾತು ಆಗಿರಲಿಲ್ಲ. ನಾನೂ ಆ ದಾರಿಯವನೇ. ಒಂದು ಧ್ವನಿಸುರುಳಿಯಲ್ಲಿ ಕೂಲಿಯ ಮುದುಕಿಯೊಬ್ಬಳು ಎರಡು ಪದ ಹಾಡಿ, ಉಸಿರು ತೆಗೆದುಕೊಳ್ಳುತ್ತ, ತನ್ನ ತಾಯಿ ನವಣೆಯ ಬೀಜಕ್ಕೆ ಬೂದಿ ಹಾಕುತ್ತಿದ್ದ ಕ್ರಮವನ್ನು ಹೇಳತೊಡಗುತ್ತಾಳೆ. ಯಾವ ಕಟ್ಟಿಗೆಯ ಬೂದಿ ಎಂಬಲ್ಲಿಗೆ ಬರುತ್ತಾಳೆ. ಅಷ್ಟರಲ್ಲಿ ನನ್ನ ದನಿ ಕೇಳುತ್ತದೆ: “ಅದಿರ್ಲಿ ಆಯಿ, ಹಾಡ ಹೇಳ್ರಿ.” ಬಳಿಕ ಗುಂಡಿ ಒತ್ತಿದ ಸದ್ದು.

ಆ ಹಾಡುಗಳಿಂದ ನನಗೆ ಪದವಿ ದೊರೆಯಿತು, ಈ ವಿಭಾಗದಲ್ಲಿ ಕೆಲಸ ದೊರೆಯಿತು. ಸಂಘದ ಲೆಕ್ಕದಲ್ಲಿ ಹೇಳುವುದಾದರೆ ನಾನು ಒಂದನ್ನು ತಂದವನು, ಎರಡನ್ನಿರಲಿ, ಒಂದನ್ನೂ ಮರಳಿಸಿದವನಲ್ಲ.

ಸಂಘಗಳ ಮುಂದಿನ ದಿನಗಳು ಸುಗಮವೆಂದು ನಾನು ಹೇಳಲಾರೆ. 2019ರಲ್ಲಿ ಅವುಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಆ ವರ್ಷದ ಮಾರ್ಚಿಯಲ್ಲಿಯೇ ಸತೀಶ್ ತೀರಿಕೊಂಡರು. 2026 ಮಹಿಳಾ ಕೃಷಿಕರ ವರ್ಷವೆಂದೂ ಘೋಷಣೆಯಾಗಿದೆ. ಹೀಗೆ ಹೆಸರು ಬೆಳೆಯುತ್ತಿರುವಾಗಲೇ ಸುತ್ತಲಿನ ಹೊಲಗಳನ್ನು ಕಬ್ಬು, ಶುಂಠಿ, ಹತ್ತಿಗಳು ಆವರಿಸಿವೆ. ಸಿರಿಧಾನ್ಯ ನಗರದ ಅಂಗಡಿಯಲ್ಲಿ ಬೆಲೆಬಾಳುವ ಪೊಟ್ಟಣವಾದರೆ ಬೆಳೆದವಳು ತಾನು ಉಣ್ಣುವುದಕ್ಕಿಂತ ಮಾರುವುದನ್ನೇ ಬಯಸಿಯಾಳು. ಅದನ್ನು ತಪ್ಪೆನ್ನಲು ನಮಗೇನು ಅಧಿಕಾರ? ಹೆಣ್ಣುಮಕ್ಕಳು ಓದಿ ಹೈದರಾಬಾದಿಗೆ ಬರುತ್ತಾರೆ. ಬರಬೇಕಾದದ್ದೇ. ಆದರೆ ಹೊಲದ ಬದುವಿನ ಮೇಲೆ ಮಾತ್ರ ಕಲಿಯಬಹುದಾದದ್ದನ್ನು ಬದುವಿನಿಂದ ದೂರವಾದವರು ಎಲ್ಲಿ ಕಲಿಯಬೇಕು?

ಕಳೆದ ವರ್ಷ ಬೀದರದ ಕಡೆಯಿಂದ ಬಂದ ವಿದ್ಯಾರ್ಥಿನಿಯರ ಜೊತೆ ಬೀಜ, ಬೂದಿ, ಅಳತೆ, ಬಡ್ಡಿಗಳಿಗೆ ಸಂಬಂಧಿಸಿದ ಪದಗಳನ್ನು ಪಟ್ಟಿ ಮಾಡುವ ಕೆಲಸವನ್ನು ಕೈಗೊಂಡೆವು. ಹಳೆಯ ಧ್ವನಿಸುರುಳಿಗಳ ಪ್ರತಿ ಮಾಡಿ ಆಯಾ ಹಳ್ಳಿಗೆ ಒಪ್ಪಿಸುವುದೆಂದೂ ನಿಶ್ಚಯಿಸಿದೆವು. ಆ ಮುದುಕಿಯ ಸುರುಳಿಯನ್ನು ತರಗತಿಯಲ್ಲಿ ಕೇಳಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಯಾವ ಕಟ್ಟಿಗಿ ಬೂದಿ ಅಂದಳು?” ಎಂದು ಕೇಳಿದಳು. ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಹಾಕಿದೆವು. ಗುಂಡಿಯ ಸದ್ದು, ಅದರ ಹಿಂದೆಯೇ ಮೂರನೆಯ ಹಾಡು.