ಇಟಲಿಯ ದ್ರಾಕ್ಷಿ ಕೊಯ್ಲು: ಮೊದಲು ಹಣ್ಣು, ಆಮೇಲೆ ವೈನರಿ

ಇಟಲಿಯ ವೈನ್ ಸೀಮೆಗೆ ಹೊರಟವರು ಮೊದಲು ಹುಡುಕುವುದು ಹೆಸರಾಂತ ವೈನರಿಗಳ ಪಟ್ಟಿಯನ್ನು. ಕೊಯ್ಲಿನ ಕಾಲಕ್ಕೆ ಹೋಗುವವರು ಆ ಪಟ್ಟಿಯನ್ನು ಕೊನೆಗೆ ತೆರೆಯುವುದು ವಾಸಿ. ಬರೀ ರುಚಿ ನೋಡುವುದಾದರೆ ಮೇ ತಿಂಗಳಲ್ಲಿ ಹೋದರೂ ನಡೆಯುತ್ತದೆ. ಆಗ ಜನ ಕಡಿಮೆ, ಮಾತಾಡಿಸುವವರಿಗೂ ಪುರುಸೊತ್ತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಾತ್ರ ಕಾಣಸಿಗುವುದು ಹಣ್ಣು ವೈನ್ ಆಗುವ ಕೆಲಸ. ಅದನ್ನು ನೋಡಬೇಕೆಂದರೆ ಮೊದಲು ದ್ರಾಕ್ಷಿಯ ತಳಿ, ಅದರಿಂದ ವಾರ, ಆಮೇಲೆ ಊರು, ಕಡೆಗೆ ವೈನರಿ, ಹೀಗೆ ಯೋಜನೆ ಹಾಕಬೇಕು.

ಇಟಲಿಯಲ್ಲಿ ಕೊಯ್ಲು ಒಂದೇ ಸಲಕ್ಕೆ ಬರುವುದಿಲ್ಲ. ಲೊಂಬಾರ್ಡಿಯ ಫ್ರಾಂಚಕೋರ್ತಾದಲ್ಲಿ ನೊರೆವೈನಿಗೆ ಹುಳಿ ಉಳಿದಿರುವ ಹಣ್ಣೇ ಬೇಕಾದ್ದರಿಂದ ಆಗಸ್ಟಿನಲ್ಲೇ ಕತ್ತರಿ ಆಡುತ್ತದೆ. ಪ್ರೊಸೆಕ್ಕೋ ವೈನಿನ ಗ್ಲೇರಾ ದ್ರಾಕ್ಷಿಗೆ ಸೆಪ್ಟೆಂಬರ್. ಟಸ್ಕನಿಯ ಕಿಯಾಂತಿಯಲ್ಲಿ ಸಾಂಜೊವೇಸೆ ಕೀಳುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಅಕ್ಟೋಬರ್ ಪೂರ್ತಿ ಕೆಲಸವಿರುತ್ತದೆ. ಬಿಸಿಲು ಹೆಚ್ಚಿದ ವರ್ಷ ಇದೆಲ್ಲ ಒಂದೆರಡು ವಾರ ಮೊದಲೇ ಬರುವುದೂ ಉಂಟು. ಹಾಗಾಗಿ ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಪಿಯೆಮೊಂತೆಯ ಆಲ್ಬಾ ಪಟ್ಟಣದ ಸುತ್ತಲಿನ ಲಾಂಗೆ ಗುಡ್ಡಗಳನ್ನು. ಅಲ್ಲಿ ದೊಲ್ಚೆತ್ತೋ, ಬಾರ್ಬೇರಾ, ನೆಬ್ಬಿಯೋಲೋ ಒಂದರ ಹಿಂದೊಂದು ಹಣ್ಣಾಗುತ್ತವೆ. ಒಂದು ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ತೋಟಗಳಿವು. ಟಸ್ಕನಿಯಷ್ಟು ಸಿನಿಮೀಯವಲ್ಲ ಎನ್ನುವವರಿದ್ದಾರೆ, ಇರಲಿ. ಒಂದೇ ತೊಡಕೆಂದರೆ, ಅಕ್ಟೋಬರಿನಲ್ಲಿ ಆಲ್ಬಾದ ಬಿಳಿ ಟ್ರಫಲ್ ಮೇಳವೂ ಶುರುವಾಗಿ ವಸತಿ ದುಬಾರಿಯಾಗುತ್ತದೆ. ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಿರಿ. ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು.

ಬೆಳೆಗಾರರಿಗೆ ಉಸಿರಾಡಲೂ ಬಿಡುವಿಲ್ಲದ ಹೊತ್ತಿನಲ್ಲಿ ಹೋಗಿ ತೊಂದರೆ ಕೊಡುವುದು ಸರಿಯೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ನಾಲ್ಕೈದು ಜನರೇ ನಡೆಸುವ ಪುಟ್ಟ ವೈನರಿಗಳು ಈ ತಿಂಗಳುಗಳಲ್ಲಿ ಬಾಗಿಲು ಹಾಕಿಕೊಂಡಿದ್ದರೆ ಬೇಸರಪಡಬಾರದು. ಆದರೆ ಪ್ರವಾಸಿಗರಿಗೆಂದೇ ಬೇರೆ ಸಿಬ್ಬಂದಿ ಇಟ್ಟುಕೊಂಡ ಮಧ್ಯಮ ಗಾತ್ರದವು ಸಾಕಷ್ಟಿವೆ. ಶರತ್ಕಾಲದಲ್ಲಿ 'ಕಾಂತಿನೆ ಆಪೆರ್ತೆ ಇನ್ ವೆಂದೆಮ್ಮಿಯಾ' ಎಂಬ ಕಾರ್ಯಕ್ರಮದಡಿ ಬೇರೆ ಬೇರೆ ಪ್ರಾಂತ್ಯಗಳ ವೈನರಿಗಳು ತಾವಾಗಿಯೇ ಜನರನ್ನು ಕರೆಯುತ್ತವೆ. ಮೂರ್ನಾಲ್ಕು ವಾರ ಮೊದಲೇ ಇಮೇಲ್ ಬರೆದು, 'ಆ ವಾರ ನಿಮ್ಮಲ್ಲಿ ಯಾವ ದ್ರಾಕ್ಷಿ ಬರುತ್ತಿರುತ್ತದೆ, ತೊಟ್ಟಿಗಳ ಕೋಣೆಗೆ ಬಿಡುತ್ತೀರಾ' ಎಂದು ನೇರವಾಗಿ ಕೇಳಿ. ಎರಡು ದಿನ ಮುಂಚೆ ಮತ್ತೊಮ್ಮೆ ವಿಚಾರಿಸಿ. ಮಳೆ ಬಂದರೆ ಕೊಯ್ಲು ನಿಲ್ಲುತ್ತದೆ. ದಿನಕ್ಕೆ ಎರಡಕ್ಕಿಂತ ಹೆಚ್ಚು ವೈನರಿ ಬೇಡ. ಬೆಳಿಗ್ಗೆ ಒಂದು, ಮಧ್ಯಾಹ್ನದ ಊಟದ ಬಿಡುವು ಮುಗಿದ ಮೇಲೆ ಇನ್ನೊಂದು.

ಒಳಗೆ ಹೋದಾಗ ಬಾಟಲಿಗಳ ಸಾಲಿಗಿಂತ ತೊಟ್ಟಿಯ ಹತ್ತಿರ ನಿಲ್ಲಲು ಅವಕಾಶ ಕೇಳಿ. ಕೆಂಪು ವೈನಿಗೆ ಗೊಂಚಲಿನ ಕಡ್ಡಿ ಬಿಡಿಸಿ, ರಸವನ್ನು ಸಿಪ್ಪೆಯ ಸಮೇತ ಹುದುಗಲು ಬಿಡುತ್ತಾರೆ. ಹುದುಗುವಾಗ ಎದ್ದ ಅನಿಲ ಸಿಪ್ಪೆಗಳನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ಬಣ್ಣವೂ ಒಗರೂ ಇರುವುದು ಅದರಲ್ಲೇ. ಆದ್ದರಿಂದ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಆ ಪದರದ ಮೇಲೆ ಸುರಿಯುತ್ತಿರುತ್ತಾರೆ. ತೆರೆದ ತೊಟ್ಟಿಯ ಮೇಲೆ ಮಾತ್ರ ಬಗ್ಗಬೇಡಿ. ಆ ಅನಿಲ ಇಂಗಾಲದ ಡೈಆಕ್ಸೈಡ್. ಉಸಿರು ಕಟ್ಟಿಸಿ ಕೊಲ್ಲಬಲ್ಲದು. ನೆಲ ಸದಾ ಒದ್ದೆ, ಹಿಡಿತವಿರುವ ಬೂಟು ಬೇಕು. ಸುಗಂಧ ದ್ರವ್ಯ ಹಚ್ಚಿಕೊಂಡು ಹೋದರೆ ಪಕ್ಕದವರಿಗೂ ವೈನಿನ ವಾಸನೆ ತಿಳಿಯದು.

ಕೊಯ್ಲಿನಲ್ಲಿ ಕೈಜೋಡಿಸುತ್ತೇವೆ, ಬದಲಿಗೆ ಊಟ ಕೊಡಿ ಎಂದು ಕೇಳುವವರಿದ್ದಾರೆ. ಅದು ನಡೆಯುವುದಿಲ್ಲ. ಹೊಲದ ಕೂಲಿಯ ಶೋಷಣೆ ತಡೆಯಲು ಇಟಲಿ 2016ರಲ್ಲಿ ಕಾನೂನು ಬಿಗಿ ಮಾಡಿದೆ, ನೋಂದಣಿಯಿಲ್ಲದ ಕೈಯಾಳು ಸಿಕ್ಕರೆ ಮಾಲೀಕರಿಗೆ ದಂಡ. ಕತ್ತರಿ ಹಿಡಿದು ನಾಲ್ಕು ಗೊಂಚಲು ಕೀಳುವ ಆಸೆಯಿದ್ದರೆ, ಹಣ ಕೊಟ್ಟು ಸೇರುವ ಪ್ರವಾಸಿ ಕಾರ್ಯಕ್ರಮಗಳನ್ನೇ ಹುಡುಕಬೇಕು.

ವೈನ್ ಕುಡಿಯದವರು ಯಾಕೆ ಹೋಗಬೇಕು ಎಂದರೆ, ಮೇಲೆ ಹೇಳಿದ ಯಾವುದಕ್ಕೂ ಕುಡಿಯಬೇಕಾಗಿಲ್ಲ. ಕುಡಿಯುವವರೂ ರುಚಿ ನೋಡಿ ಉಗುಳಲು ಇಟ್ಟ ಪಾತ್ರೆ ಬಳಸಲು ಸಂಕೋಚಪಡಬೇಕಿಲ್ಲ, ಅಲ್ಲಿ ಅದೇ ರೂಢಿ. ಕಾರು ಓಡಿಸುವವರಿಗಂತೂ ಬೇರೆ ದಾರಿಯಿಲ್ಲ: ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ಮೀರಬಾರದು, ಲೈಸೆನ್ಸ್ ಪಡೆದು ಮೂರು ವರ್ಷ ಆಗದವರಿಗೆ ಒಂದು ಹನಿಯೂ ಸಲ್ಲದು. ಭಾರತದ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿಯೂ ಬೇಕು. ಆಲ್ಬಾಕ್ಕೆ ರೈಲಿನಲ್ಲಿ ಹೋಗಿ, ಗುಡ್ಡದ ದಿನಗಳಿಗೆ ಚಾಲಕನಿರುವ ಕಾರು ಗೊತ್ತು ಮಾಡಿಕೊಂಡರೆ ನೆಮ್ಮದಿ. ಮ್ಯೂನಿಕ್‌ನಲ್ಲಿ ನೆಲೆಸಿದ ಕನ್ನಡಿಗರಿಗೆ ವೆರೋನಾದವರೆಗೆ ನೇರ ರೈಲಿದೆ. ಪಕ್ಕದ ವಾಲ್ಪೊಲಿಚೆಲ್ಲಾದಲ್ಲಿ ಕೊಯ್ದ ಗೊಂಚಲನ್ನು ತಿಂಗಳುಗಟ್ಟಲೆ ಒಣಗಿಸಿ ಅಮರೋನೆ ವೈನ್ ಮಾಡುವುದರಿಂದ, ಕೊಯ್ಲು ಮುಗಿದ ನವೆಂಬರಿನಲ್ಲಿ ಹೋದರೂ ನೋಡಲು ಹಣ್ಣಿರುತ್ತದೆ. ಕೊಂಡ ಬಾಟಲಿಗಳನ್ನು ಚೆಕ್-ಇನ್ ಸೂಟ್‌ಕೇಸಿನಲ್ಲೇ ಇಡಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲಾ 2 ಲೀಟರ್, ಅಂದರೆ ಎರಡೇ ಬಾಟಲಿ. ಮೂರನೆಯದಕ್ಕೆ ಸುಂಕ ಬೀಳುತ್ತದೆ.