ಸೋರುವ ಕವಾಟ: ರಿಪೇರಿಯೋ, ಬದಲಾವಣೆಯೋ?

ಹೃದಯದ ಎಡಭಾಗದ ಮೈಟ್ರಲ್ ಕವಾಟ ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರುತ್ತದೆ. ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದರೆ, 'ಇದನ್ನೇ ರಿಪೇರಿ ಮಾಡಬಹುದೇ?' ಎಂದು ಮೊದಲು ಕೇಳಿ. ರಿಪೇರಿಯಾದರೆ ನಿಮ್ಮದೇ ಕವಾಟ ಉಳಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸಾಮಾನ್ಯವಾಗಿ ಜೀವನಪರ್ಯಂತ ಬೇಕಾಗುವುದಿಲ್ಲ. ಆದರೆ ರುಮ್ಯಾಟಿಕ್ ಜ್ವರದಿಂದ ದಪ್ಪಗಾಗಿ ಸುಕ್ಕುಗಟ್ಟಿದ ಕವಾಟದ ರಿಪೇರಿ ಕಷ್ಟ.

ಬದಲಿಸುವುದಾದರೆ ಎರಡು ಬಗೆ. ಯಾಂತ್ರಿಕ ಕವಾಟ ದಶಕಗಳ ಕಾಲ ಬಾಳುತ್ತದೆ. ಆದರೆ ಕೊನೆಯವರೆಗೂ ವಾರ್ಫರಿನ್ ಮಾತ್ರೆ, ಆಗಾಗ ರಕ್ತಪರೀಕ್ಷೆ ತಪ್ಪದು. ದನ ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಸಾಮಾನ್ಯವಾಗಿ ಕೆಲವು ತಿಂಗಳ ಮಾತ್ರೆ ಸಾಕು. ಆದರೆ ಸುಮಾರು 10-15 ವರ್ಷಗಳಲ್ಲಿ, ಕಿರಿಯರಲ್ಲಿ ಇನ್ನೂ ಬೇಗ, ಅದು ಸವೆಯುತ್ತದೆ.

ರೋಗಿ ಮುಂದೆ ತಾಯಿಯಾಗಬೇಕೆಂದಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ. ವಾರ್ಫರಿನ್ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲದು. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾಂತ್ರಿಕ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ.