ಬಿಚ್ಚೋಕೆ ಗನ್, ಬಿಗಿಯೋಕೆ ಕೈ: ರೊಟವೇಟರ್ ಬ್ಲೇಡಿಗೆ ಇಂಪ್ಯಾಕ್ಟ್ ರೆಂಚ್

ಮುಳಬಾಗಿಲು ಕಡೆ ಹೊಲ ಇರೋರಿಗೆ ಹೇಳಬೇಕಿಲ್ಲ, ನಮ್ಮ ಕೆಂಪು ಮಣ್ಣಲ್ಲಿ ಕಲ್ಲು ಜಾಸ್ತಿ. ಟೊಮೆಟೊಗೆ ನೆಲ ಹದ ಮಾಡುವಷ್ಟರಲ್ಲಿ ರೊಟವೇಟರ್ ಬ್ಲೇಡ್ ಸವೆದಿರುತ್ತೆ. 36 ಬ್ಲೇಡಿನ ಯಂತ್ರ ಅಂದ್ರೆ, ಬ್ಲೇಡಿಗೆ ಎರಡರಂತೆ 72 ಬೋಲ್ಟ್. ತುಕ್ಕು ಹಿಡಿದ ಅಷ್ಟನ್ನೂ ಪಾನ ಹಾಕಿ ಬಿಚ್ಚೋಕೆ ಒಂದು ದಿನ ಬೇಕು. ಅದಕ್ಕೇ ಈಗ ಹುಡುಗರು ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಕೊಳ್ತಿದ್ದಾರೆ. ಒಳ್ಳೇದೇ. ನಾನೂ ಕೊಂಡೆ, ಮೊದಲ ಸಲವೇ ತಪ್ಪು ಮಾಡಿದೆ.

ಆವತ್ತು 72 ಬೋಲ್ಟನ್ನೂ ಗನ್ನಿನಿಂದಲೇ ಬಿಗಿದೆ, ಸದ್ದು ಬದಲಾಗೋವರೆಗೂ ಟ್ರಿಗರ್ ಬಿಡಲಿಲ್ಲ. ಮಾರನೇ ದಿನ ಹೊಲದಲ್ಲಿ ಒಂದು ಬೋಲ್ಟ್ ತುಂಡಾಯ್ತು, ಜೊತೆಯದ್ದೂ ಹೋಯ್ತು. ಬ್ಲೇಡ್ ಹಿಂದಿನ ತಗಡಿಗೆ ಬಡಿದು ಬಗ್ಗಿಸಿತು. ಹಿಂದೆ ಯಾರೂ ಇರಲಿಲ್ಲ, ಪುಣ್ಯ. ನರ್ಸರಿಯಿಂದ ಬಂದ ಸಸಿ ನೆರಳಲ್ಲಿ ಕಾಯ್ತಾ ಎರಡು ದಿನ ಕೂತವು.

ಯಾಕೆ ಹೀಗಾಯ್ತು?

ಇಂಪ್ಯಾಕ್ಟ್ ರೆಂಚ್ ಬರೀ ತಿರುಗಿಸಲ್ಲ, ಒಳಗಿನ ಸುತ್ತಿಗೆ ನಿಮಿಷಕ್ಕೆ ಸಾವಿರಾರು ಪೆಟ್ಟು ಕೊಡುತ್ತೆ. ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅರ್ಧ ಇಂಚು ಡ್ರೈವಿನ ಎಷ್ಟೋ ಯಂತ್ರಗಳ ಶಕ್ತಿ 300 ನ್ಯೂಟನ್ ಮೀಟರ್ ದಾಟುತ್ತೆ. ತಲೆ ಮೇಲೆ 8.8 ಅಂತ ಇರುವ 14 ಎಂ.ಎಂ. ಬೋಲ್ಟಿಗೆ ಬೇಕಾದ್ದು ಸುಮಾರು 130. ಅದನ್ನು ಮೀರಿದ್ರೆ ಬೋಲ್ಟ್ ಎಳೆದು ಸಣ್ಣಗಾಗುತ್ತೆ. ನೋಡೋಕೆ ಗಟ್ಟಿ, ಕಲ್ಲಿಗೆ ತಾಗಿದಾಗ ತುಂಡು.

ಶುರು ಮಾಡೋ ಮುಂಚೆ

1. ಪಿಟಿಒ ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀ ನಿಮ್ಮ ಜೇಬಲ್ಲಿರಲಿ. ಹ್ಯಾಂಡ್ ಬ್ರೇಕ್ ಹಾಕಿ.
2. ಎತ್ತಿದ ರೊಟವೇಟರಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಿ ಕೈ ಹಾಕಬೇಡಿ. ಸಿಮೆಂಟ್ ಬ್ಲಾಕ್ ಬೇಡ, ಒಡೆಯುತ್ತೆ. ರೋಟರ್ ತಿರುಗದಂತೆ ಮರದ ತುಂಡು ಸಿಕ್ಕಿಸಿ.
3. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಮಾತ್ರ ಬಳಸಿ. ಹೊಳೆಯುವ ಮಾಮೂಲಿ ಸಾಕೆಟ್ ಪೆಟ್ಟಿಗೆ ಸಿಡಿದು ಚೂರು ಹಾರಬಹುದು.
4. ಕನ್ನಡಕ ಕಡ್ಡಾಯ, ಕಿವಿಗೆ ಇಯರ್ ಪ್ಲಗ್. ಹೆಗಲ ಟವಲ್, ಸಡಿಲ ತೋಳು, ನೂಲಿನ ಗ್ಲೌಸ್ ಬೇಡ, ಸುತ್ತಿಕೊಳ್ಳುತ್ತೆ.
5. ಸಾಕೆಟ್ ಬದಲಿಸುವಾಗ ಬ್ಯಾಟರಿ ತೆಗೆಯಿರಿ.

ಬಿಚ್ಚುವಾಗ

ಮಣ್ಣು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಹದಿನೈದು ನಿಮಿಷ ಬಿಡಿ. ಸಾಕೆಟ್ ಪೂರ್ತಿ ಕೂತಿದೆಯಾ, ತಿರುಗೋ ದಿಕ್ಕು ಸರಿಯಾ ನೋಡಿ. ಆಮೇಲೆ ಎರಡು ಕೈಯಲ್ಲಿ ಹಿಡಿದು, ನೇರವಾಗಿಟ್ಟು ಟ್ರಿಗರ್ ಒತ್ತಿ. ಐದಾರು ಸೆಕೆಂಡಿಗೆ ಜಗ್ಗದಿದ್ರೆ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ. ಎಲ್ಲಾ ಬ್ಲೇಡ್ ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಚ್ಚಿ ಒಂದು ಹಾಕಿ, ಎಡ-ಬಲ ಅದಲು ಬದಲಾಗಲ್ಲ.

ಬಿಗಿಯುವಾಗ

ಹೊಸ ಬೋಲ್ಟ್, ಹೊಸ ಸ್ಪ್ರಿಂಗ್ ವಾಷರ್ ಹಾಕಿ. ಮೊದಲ ಮೂರ್ನಾಲ್ಕು ಸುತ್ತು ಬೆರಳಲ್ಲೇ, ಇಲ್ಲಾಂದ್ರೆ ಥ್ರೆಡ್ ಹಾಳು. ಗನ್ನಿನ ಕಡಿಮೆ ವೇಗದಲ್ಲಿ ನಟ್ ತಾಗೋವರೆಗೆ ಮಾತ್ರ ಓಡಿಸಿ, ಪೆಟ್ಟಿನ ಸದ್ದು ಶುರುವಾದ ಕೂಡಲೇ ಬಿಡಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ನಿಮ್ಮ ಯಂತ್ರದ ಮ್ಯಾನುಯಲ್‌ನಲ್ಲಿ ಬರೆದಷ್ಟು.

ಟಾರ್ಕ್ ರೆಂಚ್ ಇಲ್ವಾ? ತರಕಾರಿ ತೂಗೋ ಕೊಕ್ಕೆ ತಕ್ಕಡಿ ಇದೆಯಲ್ಲ? ಬೋಲ್ಟಿನ ಮಧ್ಯದಿಂದ ಅರ್ಧ ಮೀಟರ್ ದೂರದಲ್ಲಿ ಪಾನದ ಹಿಡಿಗೆ ಅದನ್ನು ಸಿಕ್ಕಿಸಿ, ಹಿಡಿಗೆ ಅಡ್ಡವಾಗಿ, ಸರಿಯಾಗಿ ಲಂಬವಾಗಿ ಎಳೆಯಿರಿ. 26 ಕೆ.ಜಿ. ತೋರಿಸಿದ್ರೆ ಸುಮಾರು 130 ನ್ಯೂಟನ್ ಮೀಟರ್. ಅಂದಾಜೇ ಆದ್ರೂ, ಗನ್ ಕುರುಡಾಗಿ ಬಿಗಿಯೋದಕ್ಕಿಂತ ಎಷ್ಟೋ ಮೇಲು.

ಒಂದು ಗಂಟೆ ಉತ್ತ ಮೇಲೆ ಯಂತ್ರ ನಿಲ್ಲಿಸಿ, ಎಲ್ಲಾ ಬೋಲ್ಟ್ ಇನ್ನೊಮ್ಮೆ ಇದೇ ಬಿಗಿತಕ್ಕೆ ನೋಡಿ. ಹೊಸ ಬ್ಲೇಡ್ ಕೂರುವಾಗ ಸಡಿಲಾಗೋದು ಸಹಜ. ಹಾಗೇ, ಯಂತ್ರ ಓಡುವಾಗ ಹಿಂದೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಬಿಡಬೇಡಿ. ಬೋಲ್ಟ್ ಹೋದ್ರೆ ಹೊಸದು ಸಿಗುತ್ತೆ.